ಒಳಗಿನ ಚಿಲಕ

ನಾನು ಕೇಳಿದ್ದು ಮೂರೇ ಮೂರು. ಒಂದು ಮೇಜು, ಒಂದು ಒಳ್ಳೆಯ ದೀಪ, ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ. ಮೂರರಲ್ಲಿ ಯಾವುದು ಕಷ್ಟದ್ದು ಎಂದು ಕೇಳಿದರೆ ಬೇರೆ ಮನೆಯವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಚಿಲಕವೇ ಕಷ್ಟವಾಯಿತು.

ನಾನು ಅಶ್ವಿನಿ. ತವರು ಅಜ್ಜಂಪುರ, ಗಂಡನ ಮನೆ ಕಡೂರು. ಮದುವೆಗೆ ಮುಂಚೆ ಚಿತ್ರಕಲೆ ಓದಿ ಡಿಪ್ಲೊಮಾ ಮಾಡಿಕೊಂಡವಳು. ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ ಅದನ್ನು "ಹುಡುಗಿಗೆ ರಂಗೋಲಿ ಚೆನ್ನಾಗಿ ಬತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹದಿಮೂರು ವರ್ಷದಿಂದ ನಾನು ಅಪ್ಪನ ಮಾತು ಉಳಿಸಿಕೊಂಡು ಬಂದಿದ್ದೇನೆ. ಈ ಬೀದಿಯಲ್ಲಿ ನನ್ನಷ್ಟು ದೊಡ್ಡ ರಂಗೋಲಿ ಇನ್ನೊಬ್ಬರು ಹಾಕುವುದಿಲ್ಲ, ಹಾಕಿದ ಮೇಲೆ ನನ್ನಷ್ಟು ಸಿಟ್ಟಿನಿಂದ ಬಾಗಿಲು ಎಳೆದುಕೊಳ್ಳುವುದೂ ಇಲ್ಲ.

ಹೋದ ಚಳಿಗಾಲದಲ್ಲಿ ಬೆಂಗಳೂರಿನ ಮಕ್ಕಳ ಪುಸ್ತಕದ ಪ್ರಕಾಶನವೊಂದರಿಂದ ಫೋನ್ ಬಂತು. ದನ ಮೇಯುವ ಕಾವಲಿನಲ್ಲಿ ದಾರಿ ತಪ್ಪಿದ ಅಮೃತಮಹಲ್ ತಳಿಯ ಕರುವಿನ ಕಥೆ. ಹದಿನಾಲ್ಕು ಚಿತ್ರ ಬೇಕು, ಗೌರಿ ಹಬ್ಬದೊಳಗೆ ಮುಗಿಸಿ ಕೊಡಬೇಕು. ಕಥೆ ಬರೆದವರ ಹೆಸರಿನ ಕೆಳಗೆ ನನ್ನ ಹೆಸರೂ ಅಚ್ಚಾಗುತ್ತದೆಯಂತೆ. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಗಳಗಳ ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದೆ, ಆದ್ದರಿಂದ ಯಾರೂ ಏನೆಂದು ಕೇಳಲಿಲ್ಲ.

ಎಮ್ಮೆದೊಡ್ಡಿಯ ಕಾವಲಿಗೆ ಎರಡು ಸಲ ಹೋಗಿ ದನಗಳನ್ನು ಕಣ್ತುಂಬ ನೋಡಿ, ಗೆರೆ ಹಾಕಿಕೊಂಡು ಬಂದೆ. "ದನ ನೋಡಕ್ಕೆ ಬಸ್ ಹತ್ತಿ ಹೋಗೋರ್ನ ಇದೇ ಮೊದ್ಲು ನೋಡಿದ್ದು ಕಣೇ" ಎಂದರು ನನ್ನ ಗಂಡ ರೇಣುಕಪ್ರಸಾದ್. ಅವರದು ಬಸ್‌ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ಅಂಗಡಿ. ದನ ನೋಡಿದ್ದಾಯಿತು, ಬರೆಯುವುದೆಲ್ಲಿ? ಊಟದ ಟೇಬಲ್ಲಿನ ಮೇಲೆ ಹಾಳೆ ಹರಡಿದರೆ ಐದು ನಿಮಿಷಕ್ಕೆ ತಟ್ಟೆ ಬರುತ್ತದೆ. ಮಂಚದ ಮೇಲೆ ಹರಡಿದರೆ ಗಂಡ ಬರುತ್ತಾರೆ. ನೆಲದ ಮೇಲೆ ಹರಡಿದರೆ "ಅಮ್ಮಾ, ನನ್ನ ಜಡೆ" ಎಂದು ಆರನೇ ಕ್ಲಾಸಿನ ಮಗಳು ಸುಮನಾ ಬಂದು ಅದರ ಮೇಲೇ ಕೂರುತ್ತಾಳೆ.

ಮನೆಯ ಪಕ್ಕಕ್ಕೆ ಒಂದು ಕಾಯಿಕೋಣೆ ಇದೆ. ಹಿಂದೆ ಕೊಬ್ಬರಿಯಾಗಲೆಂದು ತೆಂಗಿನಕಾಯಿ ಕೂಡಿಹಾಕುತ್ತಿದ್ದ ಕೋಣೆ. ತೋಟದಲ್ಲೇ ಶೆಡ್ ಕಟ್ಟಿಸಿದ ಮೇಲೆ ಅಲ್ಲಿ ಒಂದು ಮುರಿದ ತೊಟ್ಟಿಲು, ಮತ್ತು ಮಾವನವರು ಪುರಸಭೆ ಎಲೆಕ್ಷನ್ನಿಗೆ ನಿಂತು ಸೋತಾಗಿನ ಪೋಸ್ಟರುಗಳ ಕಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿದೆ. ಮೇಜು, ದೀಪ, ಚಿಲಕ.

ಮಾವ ದೇವೀರಪ್ಪನವರು ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಊರಿನಲ್ಲಿ ಯಾವ ಕಮಿಟಿ ಇದ್ದರೂ ನಮ್ಮ ಮಾವ ಅದರ ಉಪಾಧ್ಯಕ್ಷರು. ಮಠದ ಕಮಿಟಿಗೆ, ತೆಂಗು ಬೆಳೆಗಾರರ ಸಂಘಕ್ಕೆ, ಸ್ಮಶಾನ ಅಭಿವೃದ್ಧಿ ಸಮಿತಿಗೆ. ಅಧ್ಯಕ್ಷರಾಗುವ ಯೋಗ ಇನ್ನೂ ಬಂದಿಲ್ಲ, ಆ ಕೊರಗು ಇದೆ.

"ಚಿಲಕ ಒಳಗಡೆಗಾ?" ಎಂದರು.

"ಹೂಂ ಮಾವ. ಬರೀವಾಗ ಯಾರೂ ಬರಬಾರದು ಅಂತ."

"ಯಾರೂ ಅಂದ್ರೆ ಯಾರಮ್ಮ? ಮನೇಲಿ ಇರೋರು ನಾವೇ ಅಲ್ವಾ? ದೇವ್ರ ಮನೆಗೇ ಒಳಗಡೆ ಚಿಲಕ ಇಲ್ಲ. ಬಚ್ಚಲಿಗೆ ಒಂದದೆ, ಅದೂ ನೆಟ್ಟಗೆ ಬೀಳಲ್ಲ."

ನನ್ನ ಗಂಡ ಮಜ್ಜಿಗೆ ಕುಡಿಯುತ್ತಾ ಲೋಟದೊಳಗೇ ನಕ್ಕರು. ಅತ್ತೆ ತೀರ್ಥಮ್ಮ ನನ್ನ ಮುಖವನ್ನು ಒಂದು ಸಲ ನೋಡಿ, ಸಾರಿನ ಪಾತ್ರೆ ಎತ್ತಿಕೊಂಡು ಮಾವನ ಕಡೆ ಹೋದರು. ಅವರು ಬಡಿಸುವಾಗ ಮಾತಾಡುವುದಿಲ್ಲ. ಬಡಿಸುವುದು ಮುಗಿದದ್ದನ್ನು ನಾನು ನೋಡಿಲ್ಲ.

ಆದರೆ ಮಾವನವರಿಗೆ ಕೋಣೆಯ ವಿಚಾರ ಹಿಡಿಸಿಬಿಟ್ಟಿತು. "ಸೊಸೆ ಬಾಯ್ಬಿಟ್ಟು ಕೇಳವ್ಳೆ. ಮಾಡೋದಾದ್ರೆ ಊರೇ ತಿರುಗಿ ನೋಡಂಗೆ ಮಾಡಬೇಕು" ಎಂದು ಮರುದಿನವೇ ತರೀಕೆರೆಯಿಂದ ಕಲ್ಲೇಶ್ ಎಂಬ ಬಡಗಿಯನ್ನೂ, ಅವನ ಜೊತೆಗೇ ಒಬ್ಬ ವಾಸ್ತುವಿನವನನ್ನೂ ಕರೆಸಿದರು. ಆ ಕೋಣೆಗೆ ಬೆಳಕು ಬರುವುದು ನೈರುತ್ಯದ ಮೂಲೆಯ ಕಿಟಕಿಯೊಂದರಿಂದಲೇ. ವಾಸ್ತುವಿನವನು ಮೊಬೈಲನ್ನು ನೆಲಕ್ಕೆ ಹಿಡಿದು ಸುತ್ತು ಹಾಕಿ, "ನೈರುತ್ಯಕ್ಕೆ ಭಾರ ಇರಬೇಕು ಯಜಮಾನ್ರೇ, ಇಲ್ಲಾಂದ್ರೆ ಮನೆ ಹಿರೀಕರಿಗೆ ಆಗಿಬರಲ್ಲ" ಎಂದ. ಮನೆಗೆ ಹಿರೀಕರು ಮಾವನೇ. ಕಿಟಕಿಗೆ ಅಡ್ಡಲಾಗಿ ಆಳೆತ್ತರದ ಶೋಕೇಸು ಬಂದು ಕೂತಿತು. ಅದರೊಳಗೆ ಮಾವನಿಗೆ ಬಂದ ಶೀಲ್ಡುಗಳು, ನೆನಪಿನ ಕಾಣಿಕೆಗಳು, ಗಾಜಿನೊಳಗಿನ ಒಂದು ತಾಜ್‌ಮಹಲು.

"ಮಾವ, ಬೆಳಕು?" ಎಂದೆ.

"ಬೆಳಕಿಗೇನು ಬರ ಬಂದದೆ? ತಡಿ ನೀನು!"

ತಡೆದೆ. ಸೂರಿಗೆ ಫಾಲ್ಸ್ ಸೀಲಿಂಗ್ ಬಂತು, ಅದರ ಅಂಚಿಗೆಲ್ಲ ಏಳು ಬಣ್ಣ ಬದಲಿಸುವ ದೀಪ. ಗುಂಡಿ ಒತ್ತಿದರೆ ಕೆಂಪು, ಮತ್ತೆ ಒತ್ತಿದರೆ ಹಸಿರು. ಆ ಬೆಳಕಿನಲ್ಲಿ ನನ್ನ ಅರಿಸಿನ ಬಣ್ಣದ ಟ್ಯೂಬು ಒಮ್ಮೆ ಕೆಂಪಾಗಿ, ಒಮ್ಮೆ ಹಸಿರಾಗಿ ಕಂಡಿತು. ಮೇಜು ಬಂತು, ಮೇಲೆ ಗಾಜು ಹಾಸಿದ್ದು, ತಹಸೀಲ್ದಾರರ ಮೇಜಿನಂಥದ್ದು. ನಾನು ಕೇಳದಿದ್ದ ಸೋಫಾ ಬಂತು. ಚಿಲಕವೂ ಬಂತು! ಹಿತ್ತಾಳೆಯದು, ಗೇಣುದ್ದ, ಹೊರಗಡೆಗೆ. ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದರು ಅನ್ನುತ್ತಾರಲ್ಲ, ಇಲ್ಲಿ ಅವರಪ್ಪನೂ ಆಗಲಿಲ್ಲ, ನಮ್ಮ ಮಾವನೇ ಆದರು.

ಕಲ್ಲೇಶನನ್ನು ಪಕ್ಕಕ್ಕೆ ಕರೆದು, "ಒಳಗಡೆ ಒಂದು ಸಣ್ಣದು ಹೊಡಿ ಕಲ್ಲೇಶ" ಎಂದು ಕೇಳಿದೆ. "ಅಯ್ಯೋ, ಯಜಮಾನ್ರು ಬೇಡ ಅಂದವ್ರೆ ಕಣಕ್ಕ. ಒಳಗಡೆ ಚಿಲಕ ಹಾಕ್ಕೊಂಡು ಹೆಣ್ಣುಮಕ್ಳು ಏನು ಮಾಡ್ತಾರೆ ಅಂತ ಜನ ಕೇಳ್ತಾರಂತೆ" ಎಂದು ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

ಬಸವ ಜಯಂತಿಯ ಮರುದಿನ ಉದ್ಘಾಟನೆ. ನಮ್ಮ ಮಠದ ಸ್ವಾಮಿಗಳು ದಯಮಾಡಿಸಿದರು, ಪಾದಪೂಜೆಯಾಯಿತು. ಬಾಗಿಲ ಪಕ್ಕದಲ್ಲಿ ಕಪ್ಪು ಕಲ್ಲು: 'ಅಶ್ವಿನಿ ಕಲಾ ಕುಟೀರ' ಎಂದು ಸಣ್ಣಕ್ಷರದಲ್ಲಿ, 'ನಿರ್ಮಾಣ: ಶ್ರೀ ದೇವೀರಪ್ಪನವರು' ಎಂದು ದಪ್ಪಕ್ಷರದಲ್ಲಿ. ಮೇಜಿನ ಮೇಲೆ ಹಲಗೆ ನಿಲ್ಲಿಸಿ, ಮೊದಲ ಚಿತ್ರಕ್ಕೆಂದು ಇದ್ದುದರಲ್ಲಿ ಒಳ್ಳೆಯ ಹಾಳೆ ಬಿಗಿದು ಇಟ್ಟಿದ್ದೆ. ಹತ್ತಿಯಿಂದ ಮಾಡಿದ ಕಾಗದ, ಮಿತವಾಗಿ ತರಿಸಿಕೊಂಡದ್ದು, ಮುಟ್ಟುವ ಮುಂಚೆ ನಾನೇ ಕೈ ತೊಳೆದುಕೊಳ್ಳುತ್ತಿದ್ದೆ.

"ಏನು ಬರೀತೀಯಮ್ಮ?" ಎಂದು ಸ್ವಾಮಿಗಳು ನನ್ನನ್ನೇ ಕೇಳಿದರು. ಬಾಯಿ ತೆರೆದೆ.

"ಎಲ್ಲಾನೂ ಬರೀತಾಳೆ ಬುದ್ಧಿ!" ಎಂದರು ಮಾವ. "ತಮ್ಮ ಅಮೃತ ಹಸ್ತದಿಂದ ಮೊದ್ಲು ತಾವೇ ಶುರು ಮಾಡಬೇಕು."

ಸ್ವಾಮಿಗಳು ಒಂದು ಗಳಿಗೆ ಅನುಮಾನಿಸಿದರು. ಆಮೇಲೆ ವಿಭೂತಿಯ ಮೂರು ಬೆರಳನ್ನು ಹಾಳೆಯ ಮೇಲೆ ಅಡ್ಡಲಾಗಿ ಎಳೆದರು. ಮಾವ ಕುಂಕುಮ ಇಟ್ಟರು. ಅಷ್ಟು ಸಾಕಿತ್ತು, ಬಂದ ಮುತ್ತೈದೆಯರೆಲ್ಲ ಸಾಲಾಗಿ ಬಂದು ಅರಿಸಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ ಕೈಮುಗಿದರು. ಪಕ್ಕದ ಮನೆಯಲ್ಲಿರುವ ಮಾವನ ತಂಗಿ ಶಂಕರಮ್ಮತ್ತೆ ಆರತಿ ಎತ್ತಿ, ಊದುಬತ್ತಿಯನ್ನು ನನ್ನ ಹಲಗೆಯ ಸಂದಿಗೇ ಸಿಕ್ಕಿಸಿದರು. ಸಂಜೆ ಆ ಹಾಳೆಯನ್ನು ಬಿಚ್ಚಲು ಹೋದರೆ ಮಾವ ಗದರಿದರು. "ಬುದ್ಧಿಯೋರು ಮುಟ್ಟಿದ್ದನ್ನ ಎಲ್ಲಿಗಮ್ಮ ತಗೊಂಡು ಹೋಗ್ತೀಯಾ? ಅದರ ಮೇಲೆ ದನ ಬರೀತೀಯಾ?" ಕಟ್ಟು ಹಾಕಿಸಿ ಗೋಡೆಗೆ ಏರಿಸಿದರು. ನನ್ನ ಕಲಾ ಕುಟೀರದ ಮೊದಲ ಕೃತಿ ಅದು, ಈಗಲೂ ಅದಕ್ಕೆ ದಿನಾ ಹೂವು ಬೀಳುತ್ತದೆ.

ಆಮೇಲಿನ ಮೂರು ತಿಂಗಳು ಆ ಕೋಣೆ ಎಲ್ಲರಿಗೂ ಕೆಲಸಕ್ಕೆ ಬಂತು, ನನ್ನೊಬ್ಬಳನ್ನು ಬಿಟ್ಟು. ಮಾವ ಬಂದವರಿಗೆಲ್ಲ ತೋರಿಸಿ ಏಳು ಬಣ್ಣ ಒತ್ತಿ ಕಾಫಿ ಕುಡಿಸುತ್ತಿದ್ದರು. ನನ್ನ ಗಂಡ, "ಒಂದು ವಾರ ಅಷ್ಟೇ ಕಣೇ" ಎಂದು ಹನ್ನೊಂದು ಪಂಪ್‌ಸೆಟ್ ಡಬ್ಬ ತಂದು ಪೇರಿಸಿದರು. ಶಂಕರಮ್ಮತ್ತೆ ಮಧ್ಯಾಹ್ನದ ಊಟವಾದ ಕೂಡಲೇ ಸೋಫಾದ ಮೇಲೆ ಕಾಲು ಚಾಚಿ, "ನೀನು ಬರ್ಕೋ ತಾಯಿ, ನಾನೇನು ಅಡ್ಡಿ?" ಎಂದು ಮಲಗಿ, ಏಳುವವರೆಗೂ ಮಂಡಿನೋವಿನ ಕಥೆಯನ್ನು ನಿದ್ದೆಯಲ್ಲೂ ಮುಂದುವರಿಸುತ್ತಿದ್ದರು. ಅತ್ತೆ ಗಾಜಿನ ಮೇಜಿಗೆ ಸಂಡಿಗೆ ಹಾಕಿದರು, ಕಾಗೆ ಬರುವುದಿಲ್ಲವಲ್ಲ.

ಕಲಾ ಕುಟೀರ ಎಂದು ಕಲ್ಲು ಹಾಕಿದ ಮೇಲೆ ಗಿರಾಕಿಗಳಿಗೇನು ಬರ! "ಅಶ್ವಿನಕ್ಕ, ನಮ್ ಮೊಮ್ಮಗಂದು ಸೈನ್ಸ್ ರೆಕಾರ್ಡು" ಎಂದು ಒಬ್ಬರು ಬಂದರು, ಹಿಂದೆಯೇ ನಾಲ್ವರು. ಒಂದೇ ವಾರದಲ್ಲಿ ಐದು ಹೃದಯ, ಏಳು ಅಮೀಬ, ಲೆಕ್ಕವಿಲ್ಲದಷ್ಟು ದಾಸವಾಳ ಬರೆದೆ. ಸಖರಾಯಪಟ್ಟಣದ ನೆಂಟರೊಬ್ಬರು ತೆಂಗಿನಕಾಯಿ ಮೇಲೆ ಮದುಮಕ್ಕಳ ಹೆಸರು ಬರೆಸಿಕೊಂಡು ಹೋದರು. "ಹೆಂಗೂ ಖಾಲಿ ಕೂತಿರ್ತೀಯಲ್ಲ" ಎಂದು ಅದಕ್ಕೊಂದು ಸಮಾಧಾನ ಬೇರೆ.

ಹಾಗೂ ಹೀಗೂ ಹದಿನಾಲ್ಕರಲ್ಲಿ ಒಂದು ಚಿತ್ರ ಮುಗಿಸಿದೆ. ತಾಯಿ ಹಸು ಕಾವಲಿನ ದಿಬ್ಬದ ಮೇಲೆ ನಿಂತು ಕರುವಿಗಾಗಿ ನೋಡುತ್ತಿರುವುದು. ಆ ಕೊಂಬಿನ ಬಾಗು ಹಿಡಿಯಲು ಒಂಬತ್ತು ದಿನ ತಗೊಂಡಿದ್ದೆ. ಒಣಗಲೆಂದು ಮೇಜಿನ ಮೇಲೆ ಬಿಟ್ಟು ಮಗಳ ಶಾಲೆಗೆ ಹೋಗಿ ಬರುವಷ್ಟರಲ್ಲಿ ಸ್ಮಶಾನ ಸಮಿತಿಯವರು ಬಂದು ಮೀಟಿಂಗ್ ಮಾಡಿ ಹೋಗಿದ್ದರು. ಹಸುವಿನ ಬೆನ್ನಿನ ಮೇಲೆ ಕಾಫಿ ಲೋಟದ ದುಂಡನೆ ಗುರುತು ಬಿದ್ದಿತ್ತಂತೆ. ಬಿದ್ದಿತ್ತಂತೆ ಏಕೆಂದರೆ, ನಾನು ಬರುವ ಹೊತ್ತಿಗೆ ಅದು ಇರಲಿಲ್ಲ.

"ಒದ್ದೆ ಬಟ್ಟೇಲಿ ಒರೆಸಿದೀನಿ ಕಣೇ, ಗುರುತು ಹೋಯ್ತು" ಎಂದರು ಅತ್ತೆ.

ಗುರುತು ಹೋಗಿತ್ತು. ಹಸುವೂ ಹೋಗಿತ್ತು. ದಿಬ್ಬ ಮಾತ್ರ ಸ್ವಲ್ಪ ಉಳಿದಿತ್ತು.

ಮರುದಿನ ಪ್ರಕಾಶನದ ಹೆಣ್ಣುಮಗಳು ಫೋನ್ ಮಾಡಿದಳು. ಒಳ್ಳೆಯ ಹುಡುಗಿ, ಮೆತ್ತಗೇ ಹೇಳಿದಳು: "ಮೇಡಂ, ಹಬ್ಬಕ್ಕೆ ಇನ್ನು ಇಪ್ಪತ್ತೈದು ದಿನ ಇದೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಇನ್ನೊಬ್ಬರು ಕೇಳ್ತಾ ಇದಾರೆ." ಆಗುತ್ತದೆ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ, ನನ್ನ ಪುಣ್ಯ. ಹದಿಮೂರು ವರ್ಷಕ್ಕೆ ಒಂದು ಸಲ ಬಂದದ್ದು, ಸಂಡಿಗೆಗೂ ಅಮೀಬಕ್ಕೂ ಬಲಿಯಾಗುತ್ತಿದೆ. ಆಗ ಶ್ರಾವಣ ನಡೆಯುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಮಾವ ಮಠದ ಸುದ್ದಿ ಹೇಳುತ್ತಿದ್ದರು. ಸ್ವಾಮಿಗಳು ಶ್ರಾವಣವಿಡೀ ಮೌನಾನುಷ್ಠಾನಕ್ಕೆ ಕೂತಿದ್ದಾರೆ. ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಯಾರ ಮುಖವನ್ನೂ ನೋಡುವುದಿಲ್ಲ, ಮಾತಿಲ್ಲ, ಪ್ರಸಾದವನ್ನು ಬಾಗಿಲ ಬಳಿ ಇಟ್ಟು ಬರಬೇಕು. "ಮಠದ ಮುಂದೆ ಯಾರೂ ಹಾರನ್ ಕೂಡ ಹೊಡಿಯಲ್ಲ ಗೊತ್ತಾ? ಅನುಷ್ಠಾನಕ್ಕೆ ಭಂಗ ಆಗ್ತದೆ. ಭಂಗ ತಂದೋನ್ನ ಪಾಪ ಏಳೇಳು ಜನ್ಮಕ್ಕೂ ಬಿಡಲ್ಲ" ಎಂದು ಕಣ್ಣರಳಿಸಿದರು.

ನಾನು ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಸಿಟ್ಟು ತಾನಾಗಿಯೇ ಬಾಯಿಗೆ ಬಂತು.

"ಮಾವ, ನಾನೂ ಮೌನಾನುಷ್ಠಾನಕ್ಕೆ ಕೂತ್ಕೋಬೇಕು ಅಂದ್ಕೊಂಡಿದೀನಿ. ಇಪ್ಪತ್ತೊಂದು ದಿನ."

ಮಾವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನನ್ನ ಗಂಡ, "ನಿಂಗೇನು ಬಂತೇ?" ಎನ್ನುತ್ತಿದ್ದಂತೆ ಮಾವ, "ಲೇ, ಬಾಯ್ಮುಚ್ಚೋ!" ಎಂದು ಗದರಿದರು. ಅವರ ಕಣ್ಣು ತುಂಬಿತ್ತು. "ನಮ್ಮ ವಂಶದಲ್ಲೇ ಯಾರೂ ಕೂತಿಲ್ಲ ಕಣಮ್ಮ. ಕಮಿಟೀಲೂ ಯಾರ ಮನೇಲೂ ಕೂತಿಲ್ಲ. ಅಧ್ಯಕ್ಷರ ಮನೇಲೂ ಕೂತಿಲ್ಲ!... ಎಲ್ಲಿ ಕೂತ್ಕೊಳ್ತೀಯಾ?"

"ಬುದ್ಧಿಯೋರು ಪಾದ ಇಟ್ಟ ಜಾಗ ಅದೆಯಲ್ಲ ಮಾವ."

ಅತ್ತೆ ಸಾರಿನ ಪಾತ್ರೆ ಹಿಡಿದು ನಿಂತವರು ನನ್ನನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

ಮರುದಿನ ನಡೆದದ್ದನ್ನು ಹೇಳಿದರೆ ನಂಬುವುದಿಲ್ಲ. ಹನ್ನೊಂದು ಪಂಪ್‌ಸೆಟ್ ಡಬ್ಬಗಳು ಒಂದು ಗಂಟೆಯೊಳಗೆ ಹೊರಗೆ ಹೋದವು. ಸಂಡಿಗೆ ಹೋಯಿತು. ಸೋಫಾ ಶಂಕರಮ್ಮತ್ತೆಯ ಮನೆಗೇ ಹೋಯಿತು. ಏಳು ಬಣ್ಣದ ದೀಪ ತಪಸ್ಸಿಗೆ ಸರಿಯಲ್ಲ ಎಂದು ಮಾವನೇ ಯೋಚಿಸಿ ಬಿಳಿಯ ದೀಪವೊಂದನ್ನು ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ತರೀಕೆರೆಯಿಂದ ಕಲ್ಲೇಶ್ ಓಡಿಬಂದ. "ಒಳಗಡೆಯಿಂದ ಗಟ್ಟಿ ಚಿಲಕ ಹೊಡಿಯೋ, ಯಾರಾದ್ರೂ ಅಪ್ಪಿತಪ್ಪಿ ಬಾಗಿಲು ನೂಕಿಬಿಟ್ಟಾರು" ಎಂದು ಮಾವ ನಿಂತು ಹಾಕಿಸಿದರು. ಎರಡು ಚಿಲಕ, ಮೇಲೊಂದು, ಕೆಳಗೊಂದು. ಚಿತ್ರ ಬರೆಯುತ್ತೇನೆ ಎಂದರೆ ಒಂದು ಗಂಟೆ ಬಿಟ್ಟುಕೊಡದ ಮನೆ, ದೇವರ ಹೆಸರು ಹೇಳಿದ್ದಕ್ಕೆ ಇಪ್ಪತ್ತೊಂದು ದಿನ ಬಿಟ್ಟುಕೊಟ್ಟಿತು.

ಚಿಲಕ ಹಾಕಿಕೊಂಡೆ. ಟಕ್ ಎಂದಿತು. ಅಂಥ ಸದ್ದನ್ನು ನಾನು ಮದುವೆಯಾದ ಮೇಲೆ ಕೇಳಿರಲಿಲ್ಲ.

ಮೊದಲ ಕೆಲಸ, ಶೋಕೇಸಿನಿಂದ ಮಾವನ ಶೀಲ್ಡುಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಬೆನ್ನು ಕೊಟ್ಟು ಅದನ್ನು ಪಕ್ಕಕ್ಕೆ ನೂಕಿದೆ. ಕಿಟಕಿಯಿಂದ ಬೆಳಕು ಬಂದು ಮೇಜಿನ ಮೇಲೆ ಬಿತ್ತು. ನೈರುತ್ಯದ ಭಾರ ಜರುಗಿತು, ಮನೆಯ ಹಿರೀಕರು ಹೊರಗೆ ಆರಾಮಾಗಿ ಎಲೆಅಡಿಕೆ ಮೆಲ್ಲುತ್ತಿದ್ದರು. ನಸುಕಿನಲ್ಲೇ ಬಚ್ಚಲಿಗೆ ಹೋಗಿ ಬಂದು ಹತ್ತು ನಿಮಿಷ ಇಷ್ಟಲಿಂಗ ಪೂಜೆ ಮಾಡುತ್ತಿದ್ದೆ, ಶಿವನಿಗೂ ಪೂರ್ತಿ ಸುಳ್ಳು ಹೇಳಬಾರದಲ್ಲ. ಮಿಕ್ಕ ಹೊತ್ತೆಲ್ಲ ದನಗಳು. ಮೌನವನ್ನಂತೂ ನಿಜವಾಗಿಯೇ ಪಾಲಿಸಿದೆ, ಮಾತಾಡಲು ನನಗೆ ಪುರುಸೊತ್ತೆಲ್ಲಿತ್ತು?

ಹೊರಗಿನದೆಲ್ಲ ಬಾಗಿಲಿನ ಮೂಲಕ ಕೇಳುತ್ತಿತ್ತು. ಬೀದಿಯಲ್ಲಿ ತರಕಾರಿಯವನು ಕೂಗಿದರೆ ಮಾವ ಓಡಿಹೋಗಿ "ಶ್! ಅನುಷ್ಠಾನ!" ಎನ್ನುತ್ತಿದ್ದರು. ಮೌನಕ್ಕೆ ಮಾತಿನಿಂದ ಭಂಗ, ಚೀಟಿಯಿಂದಲ್ಲ ಎಂದು ಕಂಡುಹಿಡಿದ ನನ್ನ ಗಂಡ ಬಾಗಿಲ ಸಂದಿಯಿಂದ ಚೀಟಿ ತೂರಿಸುತ್ತಿದ್ದರು. 'ನೀಲಿ ಶರ್ಟ್ ಎಲ್ಲಿದೆ?' 'ಗ್ಯಾಸ್ ಬುಕ್ ಮಾಡೋದು ಯಾವ ನಂಬರಿಂದ?' 'ಸುಮನಾ ಜಡೆಗೆ ಎಷ್ಟು ಭಾಗ?' ಮೂರನೆಯ ದಿನದಿಂದ ಚೀಟಿಯ ಹಿಂಭಾಗದಲ್ಲಿ ಕರುವಿನ ಕಾಲು ಬರೆದು ಅಭ್ಯಾಸ ಮಾಡಿದೆ. ಉತ್ತರ ಬರದಿದ್ದಾಗ ಅವರು ಅಮ್ಮನನ್ನು ಕೇಳಲು ಕಲಿತರು.

ಊಟ ತರುತ್ತಿದ್ದುದು ಅತ್ತೆ. ತಟ್ಟೆ ಇಟ್ಟು ಒಂದು ಸಲ ಬಾಗಿಲು ತಟ್ಟಿ ಹೋಗುತ್ತಿದ್ದರು. ಸಂಜೆ ನಾನು ಕುಂಚ ತೊಳೆದ ನೀರನ್ನು ಚೊಂಬಿನಲ್ಲಿ ಹೊರಗಿಡುತ್ತಿದ್ದೆ, ಅವರು ಎತ್ತಿಕೊಂಡು ಹೋಗಿ ಹಿತ್ತಿಲಿಗೆ ಚೆಲ್ಲುತ್ತಿದ್ದರು. ಒಂದು ದಿನ ಅವರಿಗಿಂತ ಮುಂಚೆ ಶಂಕರಮ್ಮತ್ತೆ ಬಂದುಬಿಟ್ಟರು. ಚೊಂಬಿನಲ್ಲಿ ಕೆಮ್ಮಣ್ಣು ಬಣ್ಣದ ನೀರು. "ಅಯ್ಯೋ ಶಿವನೇ, ತೀರ್ಥ!" ಎಂದು ಉದ್ಗರಿಸಿದ್ದು ಕೇಳಿಸಿತು. ತಲೆಗೆ ಪ್ರೋಕ್ಷಿಸಿಕೊಂಡು, ಮಿಕ್ಕಿದ್ದನ್ನು ಮಂಡಿಗೆ ಸವರಿಕೊಂಡರಂತೆ. ಎರಡು ದಿನಕ್ಕೆ ನೋವು ಹೋಯಿತಂತೆ. ಹೋಗದೆ ಏನು, ಸೋಫಾ ಈಗ ಅವರ ಮನೆಯಲ್ಲೇ ಇತ್ತು, ನಡೆದು ಬರುವುದು ತಪ್ಪಿತ್ತಲ್ಲ!

ಅಲ್ಲಿಂದ ಬಾಗಿಲ ಮುಂದೆ ತೆಂಗಿನಕಾಯಿ, ಬಾಳೆಹಣ್ಣು ಬೀಳಲು ಶುರುವಾಯಿತು. "ನಮ್ಮೆಮ್ಮೆ ಹಾಲು ಇಳಿಸ್ತಿಲ್ಲ, ಅಮ್ಮಾವ್ರು ಒಂಚೂರು ಮನಸ್ಸು ಮಾಡ್ಬೇಕು" ಎಂದು ಯಾರೋ ಬಾಗಿಲಿಗೆ ಬೇಡಿಕೊಂಡು ಹೋದರು. ಮಾವ ದರ್ಶನದ ವೇಳೆ ಗೊತ್ತುಮಾಡಿದರು. ನಾನು ಒಳಗೆ ಕೂತು ಹೋರಿಯ ಭುಜಕ್ಕೆ ಬೂದಿ ಬಣ್ಣ ತುಂಬುತ್ತಿದ್ದೆ. ನಗು ಬಂದು ಕುಂಚ ಅಲ್ಲಾಡಿದ್ದು ಆ ಒಂದು ದಿನ ಮಾತ್ರ.

ಹನ್ನೆರಡನೆಯ ದಿನ ಸಾರಿಗೆ ಉಪ್ಪಿರಲಿಲ್ಲ. ನಲವತ್ತು ವರ್ಷದಲ್ಲಿ ಅತ್ತೆಯ ಕೈ ತಪ್ಪಿದ್ದಿಲ್ಲವಂತೆ, ಅವತ್ತು ತಪ್ಪಿತು. ಹದಿನಾರನೆಯ ದಿನ ಮಧ್ಯಾಹ್ನ ತಟ್ಟೆ ಇಟ್ಟ ಸದ್ದಾಯಿತು, ಹೋದ ಸದ್ದಾಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು ಎಂದು ಕಾಣುತ್ತದೆ, ಹಲಗೆ ಕಿರುಗುಟ್ಟಿತು. "ಉಸ್ಸಪ್ಪಾ, ಶಿವನೇ" ಎಂದರು. ಹಿಂದೆಯೇ ನಡುಮನೆಯಿಂದ ಮಾವ, "ಇವ್ಳೇ, ಕಾಫಿ! ನಾಲ್ಕು ಜನ ಬಂದವ್ರೆ!" ಎಂದು ಕೂಗಿದರು. ಅತ್ತೆ ಏಳಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದರು. ನಾನು ಆಗ ತಾಯಿ ಹಸುವಿನ ಕಣ್ಣು ಬರೆಯುತ್ತಿದ್ದೆ, ಬೆಳಕು ಜಾರುತ್ತಿತ್ತು. ಇವರು ಬೇಗ ಎದ್ದು ಹೋದರೆ ಸಾಕಪ್ಪಾ ಎನ್ನಿಸಿತು. ಹಾಗೆ ಅನ್ನಿಸಿದ್ದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಇಪ್ಪತ್ತೊಂದನೆಯ ದಿನ ಹದಿನಾಲ್ಕೂ ಮುಗಿದವು. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದೆ. ಕರು, ತಾಯಿ, ಕಾವಲು, ಕೊಂಬಿನ ಹಿಂದೆ ಹುಟ್ಟುವ ಸೂರ್ಯ. ನೋಡುತ್ತಾ ನಿಂತೆ. ಚೆನ್ನಾಗಿವೆ ಎಂದು ನನಗೇ ಗೊತ್ತಿತ್ತು. ಹೊರಗೆ ಶಾಮಿಯಾನ, ಮೈಕು, ಜನ. ಮಾವ ಮೌನ ಮುರಿಯುವ ಮಂಗಳಕ್ಕೆಂದು ಕಮಿಟಿಯನ್ನೆಲ್ಲ ಕರೆದಿದ್ದರು, ಅಧ್ಯಕ್ಷರನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದರಂತೆ.

ಇನ್ನು ಮುಚ್ಚಿಡುವುದಕ್ಕೇನಿದೆ ಎಂದುಕೊಂಡು ಚಿಲಕ ತೆಗೆದೆ. ಕೈಗೆಲ್ಲ ಬಣ್ಣ, ಸೀರೆಗೆಲ್ಲ ಬಣ್ಣ. ಮಾವ ಹಾರ ಹಿಡಿದು ಮುಂದೆ ಬಂದವರು ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು. ಶೋಕೇಸು ಜರುಗಿದ್ದು ನೋಡಿದರು, ಶೀಲ್ಡುಗಳು ನೆಲದ ಮೇಲಿದ್ದುದು ನೋಡಿದರು, ದಾರದ ಮೇಲಿನ ದನಗಳನ್ನು ನೋಡಿದರು. ಅವರ ಮುಖ ಇಳಿಯಿತು. ಎಲ್ಲ ಅರ್ಥವಾಯಿತು ಅವರಿಗೆ. ಬೈಯಲಿ, ಬೈಸಿಕೊಳ್ಳೋಣ ಎಂದು ನಿಂತೆ.

ಅಷ್ಟರಲ್ಲಿ ಶಂಕರಮ್ಮತ್ತೆ ಸಂದಿಯಿಂದ ತಲೆ ತೂರಿಸಿದರು. "ಅಣ್ಣಾ! ಬಸವಣ್ಣ! ಅನುಷ್ಠಾನದಲ್ಲಿ ಬಸವಣ್ಣ ಕಾಣಿಸ್ಕೊಂಡವ್ನೆ!"

ಮಾವ ನನ್ನ ಮುಖ ನೋಡಿದರು, ಮೊದಲ ಸಾಲಿನ ಅಧ್ಯಕ್ಷರ ಮುಖ ನೋಡಿದರು. ಉಪಾಧ್ಯಕ್ಷರಾಗಿ ಮೂವತ್ತು ವರ್ಷ ಸುಮ್ಮನೆ ಕಳೆದವರಲ್ಲ. "ಹದಿನಾಲ್ಕು ಸಲ!" ಎಂದು ಮೈಕಿನಲ್ಲೇ ಘೋಷಿಸಿದರು. "ನನ್ನ ಸೊಸೆಗೆ ಬಸವಣ್ಣನ ದರ್ಶನ ಹದಿನಾಲ್ಕು ಸಲ ಆಗದೆ!" ಜನ "ಹರಹರ" ಎಂದು ಒಳಗೆ ನುಗ್ಗಿದರು. ಮುಂದಿದ್ದ ಹೆಂಗಸಿನ ಕೈಯಲ್ಲಿ ಕುಂಕುಮದ ಬಟ್ಟಲು, ಅವಳ ಬೆರಳು ತಾಯಿ ಹಸುವಿನ ಹಣೆಯ ಕಡೆಗೇ ಹೊರಟಿತ್ತು.

"ಮುಟ್ಟಬೇಡಿ!" ಎಂದು ಕಿರುಚಿದೆ.

ಇಪ್ಪತ್ತೊಂದು ದಿನದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು. ಎಲ್ಲರೂ ಅಲ್ಲಲ್ಲೇ ನಿಂತು ಕೈಮುಗಿದರು. ಆಮೇಲೆ ಯಾರೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕೂ ಹಾಳೆಗಳನ್ನು ರಟ್ಟಿನ ನಡುವೆ ಕಟ್ಟಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆ.

ಸಂಜೆ ಕೋಣೆ ಗುಡಿಸುತ್ತಿದ್ದಾಗ ಅತ್ತೆ ಬಂದರು. ಕೈಯಲ್ಲಿ ಒಂದು ಚಾಪೆ, ಒಂದು ದಿಂಬು.

"ನೀನು ಬರೀತಾ ಕೂತಿದ್ದು ಎರಡನೇ ದಿನಾನೇ ಗೊತ್ತಾಯ್ತು ಕಣೇ" ಎಂದರು. "ಚೊಂಬಿನ ನೀರು ಚೆಲ್ಲಿದ್ದು ಯಾರು?"

"ಮತ್ತೆ ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿಬಿಟ್ರೆ ಆಮೇಲೆ ನಾನು ಹೆಂಗೆ ಕೂರೋದು?" ಚಾಪೆಯನ್ನು ಮೂಲೆಗೆ ಒರಗಿಸಿದರು. "ನಿಮ್ಮಾವನಿಗೆ ಹೇಳಿ ಆಯ್ತು. ನಾಳೆ ಬೆಳಗ್ಗೆಯಿಂದ ನಂದು."

"ಅತ್ತೆ, ಹಬ್ಬಕ್ಕೆ ಇನ್ನು ಮೂರೇ ದಿನ!"

"ಹೂಂ. ಗೌರಮ್ಮನ್ನ ಹಿಂದ್ಗಡೆ ರೂಮಿನ ಅಟ್ಟದ ಮೇಲೆ ಇಟ್ಟಿದೀನಿ, ಇಳಿಸ್ಕೋ. ಕಡುಬಿಗೆ ಅಕ್ಕಿ ನೆನೆ ಹಾಕು."

"ಇಪ್ಪತ್ತೊಂದು ದಿನಾನೂ ಒಳಗೆ ಏನು ಮಾಡ್ತೀರಾ?"

"ಇಪ್ಪತ್ತೊಂದು ನಿಂಗೆ ಸಾಕು, ಚಿಕ್ಕೋಳು. ನಾನು ಒಂದು ಮಂಡಲ ಕೂತ್ಕೊಳ್ತೀನಿ, ನಲವತ್ತೆಂಟು ದಿನ. ಚಿತ್ರಗಿತ್ರ ನಂಗೆ ಬರಲ್ಲ ಕಣಮ್ಮ. ಬಾಗ್ಲು ಹಾಕ್ಕೊಂಡು ಮಲಗ್ತೀನಿ. ಎಚ್ಚರ ಆದಾಗ ಕಿಟಕೀಲಿ ನೋಡ್ತೀನಿ. ಮತ್ತೆ ಮಲಗ್ತೀನಿ." ಬಾಗಿಲ ಹತ್ತಿರ ಹೋಗಿ ಚಿಲಕವನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿ ನೋಡಿದರು. "ಚೆನ್ನಾಗಿ ಬೀಳ್ತದೆ" ಎಂದರು.

ಮರುದಿನ ಆರು ಗಂಟೆಗೆ ಟಕ್ ಎಂದಿತು. ಎಂಟಕ್ಕೆ ನನ್ನ ಗಂಡ ನೀಲಿ ಶರ್ಟು ಕೇಳಿದರು, ಸುಮನಾ ಜಡೆ ಹಿಡಿದುಕೊಂಡು ಬಂದಳು, ಮಾವ ಆರು ಜನಕ್ಕೆ ಕಾಫಿ ಹೇಳಿದರು. ಹತ್ತಕ್ಕೆ ಪ್ರಕಾಶನದ ಹುಡುಗಿ ಫೋನ್ ಮಾಡಿದಳು. ಚಿತ್ರ ನೋಡಿ ಆಫೀಸಿನಲ್ಲಿ ಎಲ್ಲರೂ ಎದ್ದು ಬಂದರಂತೆ. "ಮೇಡಂ, ಇನ್ನೊಂದು ಕಥೆ ಇದೆ. ನಾಳೆಯಿಂದಲೇ ಶುರು ಮಾಡ್ತೀರಾ?"

ನನ್ನ ಕುಂಚ, ಬಣ್ಣ, ಹಾಳೆ, ಎಲ್ಲವೂ ಒಳಗಿದ್ದವು. ಒಂದೇ ನಿಮಿಷದ ಕೆಲಸ, ತಗೊಂಡು ಬಂದುಬಿಡುತ್ತೇನೆ, ಅತ್ತೆಗೇನು ಅಡ್ಡಿ ಎಂದುಕೊಂಡು ಓಡಿದೆ. ಬಾಗಿಲು ತಟ್ಟಲು ಕೈ ಎತ್ತಿದೆ.

ಮಾವ ಅಲ್ಲೇ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ನಿಧಾನವಾದ, ತುಂಬಿದ, ಯಾರ ಭಯವೂ ಇಲ್ಲದ ಗೊರಕೆ. ಹದಿಮೂರು ವರ್ಷ ಒಂದೇ ಸೂರಿನ ಕೆಳಗಿದ್ದೆ, ಅತ್ತೆ ಗೊರಕೆ ಹೊಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರು ಮಲಗುವ ಮುಂಚೆ ನಾನು ಮಲಗಿರುತ್ತಿದ್ದೆ, ನಾನು ಏಳುವ ಮುಂಚೆ ಅವರು ಎದ್ದಿರುತ್ತಿದ್ದರು.

"ಕೇಳುಸ್ತಾ ಅದೆಯೇನಮ್ಮ?" ಎಂದರು ಮಾವ, ಕಣ್ಣು ತೆರೆಯದೆ. "ಓಂಕಾರ!"

ಎತ್ತಿದ ಕೈಯನ್ನು ಇಳಿಸಿದೆ.

"ಮೆಲ್ಲಗೆ ಮಾತಾಡಿ ಮಾವ" ಎಂದೆ. "ಭಂಗ ಆಗ್ತದೆ."